ಗುಡ್ಡದ ಹೊಗೆ, ಅಡುಗೆಮನೆಯ ಹೊಗೆ

ಪ್ರಶ್ನೆ: ನಮ್ಮೂರು ಎಲ್ಲಮ್ಮನ ಗುಡ್ಡಕ್ಕೆ ಹತ್ತಿಕೊಂಡೇ ಇದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಗುಡ್ಡದ ತುಂಬ ಮೂರು ಕಲ್ಲಿನ ಒಲೆ ಹೂಡುತ್ತಾರೆ. ಹೊಗೆ ನೋಡಿ ಕಾಲೇಜಿಗೆ ಹೋಗುವ ಮಗಳು, ‘ಇದರಲ್ಲೂ ಡಾಂಬರಿನಲ್ಲೂ ಬೆಂಜೊಪೈರೀನ್ ಅಂತ ಒಂದು ವಸ್ತು ಇದೆ, ಅದು ಕ್ಯಾನ್ಸರ್ ತರುತ್ತದೆ’ ಎಂದಳು. ನಮ್ಮ ಮನೆಯಲ್ಲಿ ಗ್ಯಾಸ್ ಇದೆ, ಆದರೆ ರೊಟ್ಟಿ ಮಾತ್ರ ಒಲೆಯ ಮೇಲೇ ಆಗಬೇಕು. ತಮ್ಮ ರಸ್ತೆಯ ಡಾಂಬರು ಕೆಲಸಕ್ಕೆ ಹೋಗುತ್ತಾನೆ. ಮಗಳ ಮಾತು ಖರೆಯೇ? ನಾವು ಹೆದರಬೇಕೇ?
(ಓದುಗರೊಬ್ಬರು, ಉಗರಗೋಳ, ತಾ. ಸವದತ್ತಿ)

ಉತ್ತರ: ಮಗಳು ಹೇಳಿದ್ದು ಖರೆ. ಬೆಂಜೊಪೈರೀನ್ ಸೌದೆಯ ಹೊಗೆಯಲ್ಲಿದೆ, ಕುಳ್ಳಿನ ಹೊಗೆಯಲ್ಲಿದೆ, ಬೀಡಿ ಸಿಗರೇಟಿನ ಹೊಗೆಯಲ್ಲಿದೆ, ಡೀಸೆಲ್ ಗಾಡಿಯ ಹೊಗೆಯಲ್ಲಿದೆ. ಕಲ್ಲಿದ್ದಲಿನಿಂದ ತೆಗೆದ ಡಾಂಬರಿನಲ್ಲಂತೂ ಧಾರಾಳವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮೊದಲನೇ ಗುಂಪಿನಲ್ಲಿಟ್ಟಿದೆ. ಮನುಷ್ಯರಿಗೆ ಕ್ಯಾನ್ಸರ್ ತರುವುದರಲ್ಲಿ ಅನುಮಾನವಿಲ್ಲದ ವಸ್ತುಗಳ ಗುಂಪು ಅದು. ಆದರೆ ನಿಮ್ಮ ಪತ್ರ ಓದಿದಾಗ ನನಗೆ ಚಿಂತೆಯಾದದ್ದು ಗುಡ್ಡದ ಹೊಗೆಯನ್ನು ನೆನೆದಲ್ಲ. ‘ರೊಟ್ಟಿ ಮಾತ್ರ ಒಲೆಯ ಮೇಲೇ’ ಎಂದು ಹೇಳಿ ಮುಂದೆ ಸಾಗಿದಿರಲ್ಲ, ಆ ಸಾಲು ಕಂಡು.

ಮೊದಲು ಈ ವಸ್ತು ಹುಟ್ಟುವ ಬಗೆ ನೋಡೋಣ. ಕಟ್ಟಿಗೆಯಾಗಲಿ ಕುಳ್ಳಾಗಲಿ ಹತ್ತಿಯ ಕಟಗಿಯಾಗಲಿ, ಸಾಕಷ್ಟು ಗಾಳಿ ಸಿಕ್ಕು ಪೂರ್ತಿ ಉರಿದರೆ ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಬೂದಿ. ಒಲೆಯೊಳಗೆ ಹಾಗೆ ಆಗುವುದು ಕಡಿಮೆ. ಶಾಖ ತಗುಲಿದ ಕಟ್ಟಿಗೆಯಿಂದ ಅನಿಲ ಎದ್ದು ಬರುತ್ತದೆ. ಅದರಲ್ಲಿ ಸ್ವಲ್ಪ ಉರಿಯಾಗುತ್ತದೆ, ಉಳಿದದ್ದಕ್ಕೆ ಆಮ್ಲಜನಕ ಸಿಗುವುದಿಲ್ಲ. ಹಾಗೆ ಅರ್ಧಕ್ಕೆ ನಿಂತ ಚೂರುಗಳು ಆ ಸೆಕೆಯಲ್ಲೇ ಒಂದಕ್ಕೊಂದು ಅಂಟಿ ಆರು ಇಂಗಾಲದ ಉಂಗುರಗಳಾಗುತ್ತವೆ. ಉಂಗುರಕ್ಕೆ ಉಂಗುರ ಬೆಸೆದುಕೊಳ್ಳುತ್ತ ಎರಡು ಸೇರಿದರೆ ನ್ಯಾಫ್ತಲೀನ್, ಅಂದರೆ ನಾವು ಟ್ರಂಕಿನಲ್ಲಿ ಬಟ್ಟೆಯ ನಡುವೆ ಇಡುತ್ತಿದ್ದ ಗುಳಿಗೆ. ಐದು ಉಂಗುರ ಒಂದು ನಿರ್ದಿಷ್ಟ ಬಗೆಯಲ್ಲಿ ಸೇರಿದರೆ ಬೆಂಜೊಪೈರೀನ್: ಇಪ್ಪತ್ತು ಇಂಗಾಲ, ಹನ್ನೆರಡು ಜಲಜನಕ. ಬೆಸುಗೆ ಇನ್ನೂ ಮುಂದುವರಿದರೆ ಮಸಿ. ಹಳೆಯ ಅಡುಗೆಮನೆಯ ಜಂತಿಯಿಂದ ಜೋತು ಬೀಳುವ ಇಲ್ಲಣ ಈ ಕಥೆಯ ಕೊನೆಯ ಘಟ್ಟ. ಬೆಂಜೊಪೈರೀನ್ ಅದರ ನಡುವಿನ ಒಂದು ನಿಲ್ದಾಣ. ಆದ್ದರಿಂದ ಮಸಿ ಇದ್ದಲ್ಲೆಲ್ಲ ಇದೂ ಇರುತ್ತದೆ.

ಬೇರೆಮಾಡಿ ಶುದ್ಧಗೊಳಿಸಿದರೆ ಇದು ತಿಳಿಹಳದಿ ಹರಳು. ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು, ಎಣ್ಣೆ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಗಾಳಿಯಲ್ಲಿ ಒಂಟಿಯಾಗಿ ತೇಲುವುದು ಕಡಿಮೆ, ಹೊಗೆಯ ಅತಿ ಸಣ್ಣ ಕಣಗಳ ಮೈಗೆ ಅಂಟಿಕೊಂಡು ತಿರುಗುತ್ತದೆ. ಆ ಕಣಗಳು ಮೂಗಿನ ಕೂದಲನ್ನೂ ಗಂಟಲಿನ ಲೋಳೆಯನ್ನೂ ದಾಟಿ ಪುಪ್ಪುಸದ ತುದಿಯವರೆಗೆ ಹೋಗುವಷ್ಟು ಸಣ್ಣವು.

ಮಸಿಗೂ ಕ್ಯಾನ್ಸರಿಗೂ ನಂಟಿದೆ ಎಂದು ಮೊದಲು ಬರೆದವರು ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್, 1775ರಲ್ಲಿ. ಅಲ್ಲಿ ಮನೆಗಳ ಹೊಗೆಗೂಡು ಸ್ವಚ್ಛ ಮಾಡಲು ಬಡವರ ಮಕ್ಕಳನ್ನು ಒಳಗೆ ಏರಿಸುತ್ತಿದ್ದರು. ಐದಾರು ವರ್ಷದ ಹುಡುಗರು ಮೈತುಂಬ ಮಸಿ ಹತ್ತಿಸಿಕೊಂಡು, ವಾರಗಟ್ಟಲೆ ಸ್ನಾನವಿಲ್ಲದೆ ಬೆಳೆಯುತ್ತಿದ್ದರು. ದೊಡ್ಡವರಾದ ಮೇಲೆ ಅವರ ವೃಷಣದ ಚರ್ಮಕ್ಕೆ ವಾಸಿಯಾಗದ ಹುಣ್ಣು. ಬೆವರಿನ ಜತೆ ಮಡಿಕೆಗಳಲ್ಲಿ ಕೂತ ಮಸಿಯೇ ಇದಕ್ಕೆ ಕಾರಣ ಎಂದು ಪಾಟ್ ಗುರುತಿಸಿದರು. ನೂರು ವರ್ಷ ಕಳೆದ ಮೇಲೂ ಇಂಗ್ಲೆಂಡಿನಲ್ಲಿ ಈ ರೋಗ ಇತ್ತು. ಯುರೋಪಿನ ಬೇರೆ ದೇಶಗಳಲ್ಲಿ ಇದೇ ಕಸುಬಿನವರಲ್ಲಿ ಇದು ಅಪರೂಪ ಯಾಕೆ ಎಂದು 1892ರಲ್ಲಿ ಹೆನ್ರಿ ಬಟ್ಲಿನ್ ಎಂಬ ವೈದ್ಯರು ಹುಡುಕಿಕೊಂಡು ಹೋದರು. ಅಲ್ಲಿನವರು ಮೈಗೆ ಬಿಗಿಯಾದ ಬಟ್ಟೆ ತೊಡುತ್ತಿದ್ದರು, ಕೆಲಸ ಮುಗಿದೊಡನೆ ತೊಳೆದುಕೊಳ್ಳುತ್ತಿದ್ದರು. ನಿಮ್ಮ ತಮ್ಮನ ವಿಷಯಕ್ಕೆ ಬಂದಾಗ ಈ ಮಾತು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಆಮೇಲೆ 1915ರಲ್ಲಿ ಟೋಕಿಯೋದಲ್ಲಿ ಯಾಮಾಗಿವಾ ಮತ್ತು ಇಚಿಕಾವಾ ಎಂಬ ಇಬ್ಬರು ಮೊಲಗಳ ಕಿವಿಗೆ ಕಲ್ಲಿದ್ದಲ ಡಾಂಬರನ್ನು ತಿಂಗಳುಗಟ್ಟಲೆ ಹಚ್ಚಿ ಹಚ್ಚಿ ಕ್ಯಾನ್ಸರ್ ಹುಟ್ಟಿಸಿ ತೋರಿಸಿದರು. ಡಾಂಬರಿನಲ್ಲಿರುವ ನೂರಾರು ವಸ್ತುಗಳಲ್ಲಿ ಅಪರಾಧಿ ಯಾವುದು? ಅದನ್ನು ಹಿಡಿಯಲು ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನಾ ಸಂಸ್ಥೆಯಲ್ಲಿ ಅರ್ನೆಸ್ಟ್ ಕೆನಾವೇ ಅವರ ತಂಡ ವರ್ಷಗಟ್ಟಲೆ ದುಡಿಯಿತು. ನೇರಳಾತೀತ ಬೆಳಕಿನಲ್ಲಿ ಡಾಂಬರು ಬೀರುವ ಹೊಳಪಿನ ಗುರುತನ್ನೇ ಜಾಡಾಗಿ ಹಿಡಿದು, ಎರಡು ಟನ್ ಡಾಂಬರಿನ ಗಸಿಯನ್ನು ಸೋಸಿ ಸೋಸಿ, ಆ ತಂಡದ ಕುಕ್, ಹ್ಯೂಯೆಟ್ ಮತ್ತು ಹೀಗರ್ 1933ರಲ್ಲಿ ಈ ಹಳದಿ ಹರಳನ್ನು ಹೊರತೆಗೆದರು.

ಮೈಯೊಳಗೆ ಇದು ಮಾಡುವ ಕೆಲಸ ತಿಳಿದರೆ ಬೇಸರವಾಗುತ್ತದೆ, ಯಾಕೆಂದರೆ ಕೆಡುಕು ಹುಟ್ಟುವುದು ನಮ್ಮನ್ನು ಕಾಪಾಡಲು ದೇಹ ಮಾಡುವ ಪ್ರಯತ್ನದಿಂದಲೇ. ನೀರಿನಲ್ಲಿ ಕರಗದ ವಸ್ತುವನ್ನು ಮೂತ್ರದಲ್ಲಿ ಹೊರಹಾಕಲು ಬರುವುದಿಲ್ಲ. ಹಾಗಾಗಿ ಜೀವಕೋಶದ ಕಿಣ್ವಗಳು ಅದಕ್ಕೆ ಆಮ್ಲಜನಕ ಸೇರಿಸಿ ಕರಗುವ ರೂಪಕ್ಕೆ ತರಲು ಹೊರಡುತ್ತವೆ. ಆ ದಾರಿಯ ನಡುವೆ ಡಯಾಲ್ ಎಪಾಕ್ಸೈಡ್ ಎಂಬ ಅವತಾರವೊಂದು ತಲೆ ಎತ್ತುತ್ತದೆ. ಅದು ಬಹಳ ಚುರುಕು. ಸಿಕ್ಕಿದ ಡಿಎನ್‌ಎ ಎಳೆಯಲ್ಲಿ ಗ್ವಾನಿನ್ ಎಂಬ ಅಕ್ಷರಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮುಂದೆ ಕೋಶ ಒಡೆದು ಎರಡಾಗುವಾಗ ಆ ಜಾಗದಲ್ಲಿ ತಪ್ಪು ಅಕ್ಷರ ಬಿದ್ದು ಬಿಡಬಹುದು. ಕೋಶದಲ್ಲಿ ರಿಪೇರಿಯ ವ್ಯವಸ್ಥೆ ಇದೆ, ಹೆಚ್ಚಿನ ಗಾಯಗಳು ವಾಸಿಯಾಗುತ್ತವೆ. ದಿನವೂ ಹೊಸ ಗಾಯ ಬೀಳುತ್ತಲೇ ಇದ್ದರೆ ಎಲ್ಲೋ ಒಂದು ಉಳಿದುಹೋಗುತ್ತದೆ. ಉಳಿದದ್ದು ಪಿ53 ಎಂಬ ವಂಶವಾಹಿಯಲ್ಲಿದ್ದರೆ ಅಪಾಯ ದೊಡ್ಡದು, ಯಾಕೆಂದರೆ ಕೋಶಗಳು ಅಂಕೆ ಮೀರಿ ಬೆಳೆಯದಂತೆ ತಡೆಯುವುದು ಅದೇ. 1996ರಲ್ಲಿ ಅಮೆರಿಕದ ಸಂಶೋಧಕರು ಆ ಡಯಾಲ್ ಎಪಾಕ್ಸೈಡನ್ನು ಮನುಷ್ಯರ ಕೋಶಗಳ ಮೇಲೆ ಪ್ರಯೋಗಿಸಿ ನೋಡಿದಾಗ ಅದು ಪಿ53ರಲ್ಲಿ 157, 248, 273 ಎಂದು ಗುರುತಿಸುವ ತಾಣಗಳಲ್ಲಿ ವಿಶೇಷವಾಗಿ ಕಚ್ಚಿತ್ತು. ಸಿಗರೇಟು ಸೇದುವವರ ಪುಪ್ಪುಸದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕೆಟ್ಟಿರುವುದೂ ಅವೇ ತಾಣಗಳು. ಹೊಗೆಯ ಒಂದು ಕಣ ಕ್ಯಾನ್ಸರಿನ ಒಳಗೆ ಬಿಟ್ಟುಹೋದ ಬೆರಳಚ್ಚು ಅಷ್ಟು ಸ್ಪಷ್ಟವಾಗಿ ಸಿಕ್ಕಿದ್ದು ಅದೇ ಮೊದಲು.

ಇನ್ನು ಪ್ರಮಾಣದ ಮಾತು. ನಮ್ಮ ದೇಶದ ಗಾಳಿಯ ಗುಣಮಟ್ಟದ ಮಾನದಂಡಗಳಲ್ಲಿ 2009ರಿಂದ ಬೆಂಜೊಪೈರೀನಿಗೂ ಒಂದು ಮಿತಿ ಇದೆ: ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 1 ನ್ಯಾನೊಗ್ರಾಂ. ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು. ಸಂಶೋಧಕ ಕಿರ್ಕ್ ಸ್ಮಿತ್ ಮತ್ತು ಅವರ ಜತೆಗಾರರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಗೇ ಗಾಳಿ ಅಳೆಯುವ ಉಪಕರಣ ಕಟ್ಟಿ ನೋಡಿದ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ಒಲೆಯ ಮುಂದೆ ಕೂತ ಹೊತ್ತಿನಲ್ಲಿ ಅವರು ಉಸಿರಾಡುತ್ತಿದ್ದ ಗಾಳಿಯಲ್ಲಿ ಸರಾಸರಿ ಸುಮಾರು 4000 ನ್ಯಾನೊಗ್ರಾಂ ಬೆಂಜೊಪೈರೀನ್ ಇತ್ತು. ವರ್ಷದ ಸರಾಸರಿಯನ್ನೂ ಅಡುಗೆಯ ಹೊತ್ತಿನ ಅಳತೆಯನ್ನೂ ನೇರವಾಗಿ ಪಕ್ಕಪಕ್ಕ ಇಡುವುದು ಸರಿಯಲ್ಲ ಎಂದು ನೀವು ಹೇಳಬಹುದು. ಸರಿ, ಹಾಗಾದರೆ ದಿನಕ್ಕೆ ಮೂರು ಗಂಟೆ ಅಡುಗೆ ಎಂದು ಹಿಡಿದು, ಉಳಿದ ಇಪ್ಪತ್ತೊಂದು ಗಂಟೆ ಗಾಳಿ ಪೂರ್ತಿ ಶುದ್ಧ ಎಂದೇ ಲೆಕ್ಕ ಹಾಕೋಣ. ಆಗಲೂ ಸರಾಸರಿ 500 ಬರುತ್ತದೆ. ಮಿತಿ 1.

ಆ ಅಳತೆ ಗುಜರಾತಿನದು, ನಿಜ. ಆದರೆ ಸವದತ್ತಿ, ರಾಮದುರ್ಗ, ಬೈಲಹೊಂಗಲ ಕಡೆಯ ರೊಟ್ಟಿ ಒಲೆಯನ್ನು ನೋಡಿದವರಿಗೆ ಅದು ದೂರದ ಮಾತು ಅನ್ನಿಸುವುದಿಲ್ಲ. ಅನ್ನ ಸಾರಿಗೆ ಪಾತ್ರೆ ಏರಿಸಿ ಎದ್ದು ಬರಬಹುದು. ಜೋಳದ ರೊಟ್ಟಿಗೆ ಹಾಗಾಗದು. ಕೊಣಮಿಗೆಯಲ್ಲಿ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಒಲೆಯ ಬಾಯಿಗೆ ಕೆಂಡ ಎಳೆದು, ರೊಟ್ಟಿಯನ್ನು ಅದಕ್ಕೆ ಒರಗಿಸಿ ಉಬ್ಬಿಸುವವರೆಗೆ ಮುಖ ಒಲೆಯ ಎದುರೇ ಇರಬೇಕು. ನಡುವೆ ಉರಿ ಕುಂದಿದರೆ ಊದುಗೊಳವೆ. ಊದಲು ಬಗ್ಗಿದಾಗ ಮೂಗು ಬಾಯಿ ಹೊಗೆಯ ಮೂಲಕ್ಕೇ ಹೋಗಿ ಮುಟ್ಟುತ್ತದೆ, ಊದಿ ಮುಗಿದೊಡನೆ ಎಳೆಯುವ ದೊಡ್ಡ ಉಸಿರು ಪೂರ್ತಿ ಅದೇ ಹೊಗೆ. ಮನೆಮಂದಿಗೆಲ್ಲ ಆಗುವಷ್ಟು ರೊಟ್ಟಿ ಬಡಿಯುವ ಹೆಣ್ಣುಮಗಳು ಹದಿನೈದು ಹದಿನಾರನೇ ವಯಸ್ಸಿಗೆ ಈ ಕೆಲಸಕ್ಕೆ ಕೂತರೆ ಸೊಸೆ ಬರುವ ತನಕ ಏಳುವುದಿಲ್ಲ.

ಇದರ ಜತೆ ಇನ್ನೊಂದು ಬದಲಾವಣೆ ಆಗಿದೆ. ನಿಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒಲೆಯ ನೆತ್ತಿಗೆ ಸರಿಯಾಗಿ ಬೆಳಕಿಂಡಿ ಇರುತ್ತಿತ್ತು. ಮಳೆ ಬಂದರೆ ಮೇಲೆ ಹೋಗಿ ಕಲ್ಲೋ ತಗಡೋ ಮುಚ್ಚುತ್ತಿದ್ದರು, ಉಳಿದ ದಿನ ಹೊಗೆಗೆ ಅದೇ ದಾರಿ. ಈಗ ಸ್ಲ್ಯಾಬ್ ಹಾಕಿಸುವಾಗ ಸೋರುತ್ತದೆಂಬ ಭಯಕ್ಕೆ ಬೆಳಕಿಂಡಿ ಬಿಡುವುದಿಲ್ಲ. ಮನೆ ಪಕ್ಕಾ ಆಯಿತು, ಒಲೆ ಒಳಗೇ ಉಳಿಯಿತು, ಹೊಗೆಯ ದಾರಿ ಮಾತ್ರ ಮುಚ್ಚಿಹೋಯಿತು. ಮನೆ ಕಟ್ಟಿಸುವ ಹಣಕಾಸಿನ ಲೆಕ್ಕದಲ್ಲಿ ಅಡುಗೆಮನೆಯ ಗಾಳಿಯನ್ನು ಯಾರೂ ಕೇಳದಿರುವುದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಒಲೆಯ ಮುಂದೆ ಕೂತವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಹಾಗೆ ಬರುವುದಾಗಿದ್ದರೆ ನಮ್ಮ ಹಳ್ಳಿಗಳ ಹೆಂಗಸರಲ್ಲಿ ಪುಪ್ಪುಸದ ಕ್ಯಾನ್ಸರ್ ಮನೆಮನೆಯಲ್ಲೂ ಕಾಣಬೇಕಿತ್ತು, ಕಾಣುತ್ತಿಲ್ಲ. ಮನೆಯಲ್ಲಿ ಕಲ್ಲಿದ್ದಲು ಸುಡುವ ಹೊಗೆಯನ್ನು ಅಂತರರಾಷ್ಟ್ರೀಯ ಸಂಸ್ಥೆ ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿಗೆ ಸೇರಿಸಿದೆ, ಸೌದೆ ಕುಳ್ಳುಗಳ ಹೊಗೆಯನ್ನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ‘ಕಾರಣವಾಗಿರುವ ಸಾಧ್ಯತೆ ಹೆಚ್ಚು’ ಎಂಬ ಗುಂಪಿನಲ್ಲಿಟ್ಟಿದೆ. ಒಂದೇ ವಸ್ತುವನ್ನು ಅಳೆದು ಅದರಿಂದಲೇ ರೋಗದ ಲೆಕ್ಕ ಹಾಕಲು ಬರುವುದಿಲ್ಲ, ಹೊಗೆಯಲ್ಲಿ ಇನ್ನೂ ಸಾವಿರ ವಸ್ತುಗಳಿವೆ. ಸೌದೆ ಹೊಗೆ ಖಂಡಿತವಾಗಿ ಮಾಡುವ ಕೆಡುಕು ಬೇರೆ ಇದೆ, ಅದು ಕ್ಯಾನ್ಸರಿಗಿಂತ ಎಷ್ಟೋ ಹೆಚ್ಚು ಮನೆಗಳನ್ನು ತಟ್ಟುತ್ತದೆ: ಬೀಡಿ ಮುಟ್ಟದ ಹೆಂಗಸರಿಗೂ ಬರುವ ದಮ್ಮು, ವರ್ಷವಿಡೀ ಬಿಡದ ಕೆಮ್ಮು, ಮಡಿಲಲ್ಲಿ ಕೂತ ಮಕ್ಕಳಿಗೆ ನ್ಯುಮೋನಿಯ, ಬೇಗನೆ ಕಟ್ಟುವ ಕಣ್ಣಿನ ಪೊರೆ. ಊರಿನ ಯಾವ ಓಣಿಯಲ್ಲಿ ಕೇಳಿದರೂ ‘ಅವ್ವಗ ದಮ್ಮ ಐತಿ’ ಎನ್ನುವ ಒಂದು ಮನೆ ಸಿಗುತ್ತದೆ. ಅವ್ವನ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುವ ಆ ದಮ್ಮಿನಲ್ಲಿ ಒಲೆಯ ಪಾಲು ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಹೊಗೆಗೆ ದಾರಿ ಮಾಡಿಕೊಟ್ಟರೆ ರೋಗ ಇಳಿಯುತ್ತದೆಯೇ? ಇಳಿಯುತ್ತದೆ ಎನ್ನಲು ಗಟ್ಟಿಯಾದ ಒಂದು ಉದಾಹರಣೆ ಚೀನಾದ ಯುನ್ನಾನ್ ಪ್ರಾಂತದ ಷುವಾನ್‌ವೇ ಎಂಬ ಸೀಮೆ. ಅಲ್ಲಿಯ ಹೆಂಗಸರು ಹೊಗೆಸೊಪ್ಪು ಮುಟ್ಟುವವರಲ್ಲ, ಆದರೂ ಪುಪ್ಪುಸದ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಆ ದೇಶದಲ್ಲೇ ಅತಿ ಹೆಚ್ಚಿನದರಲ್ಲಿ ಒಂದು. ಮನೆಯೊಳಗೆ ನೆಲದ ಗುಂಡಿಯಲ್ಲಿ ಹೊಗೆ ಕಾರುವ ಕಲ್ಲಿದ್ದಲು ಉರಿಸುತ್ತಿದ್ದರು, ಹೊಗೆಗೂಡು ಇರಲಿಲ್ಲ. ಆಮೇಲೆ ಎಷ್ಟೋ ಮನೆಗಳವರು ಹೊಗೆಗೂಡಿನ ಒಲೆ ಹಾಕಿಸಿಕೊಂಡರು. ಆ ಮನೆಗಳನ್ನು ಹಿಂಬಾಲಿಸಿದ ಅಧ್ಯಯನ 2002ರಲ್ಲಿ ಹೊರಬಂತು. ಹೊಗೆಗೂಡು ಹಾಕಿಸಿ ಹತ್ತು ವರ್ಷ ಕಳೆದ ಮೇಲೆ ಅವರಲ್ಲಿ ಪುಪ್ಪುಸದ ಕ್ಯಾನ್ಸರ್ ಬಹುಮಟ್ಟಿಗೆ ಅರ್ಧದ ಹತ್ತಿರಕ್ಕೆ ಇಳಿದಿತ್ತು. ಇಂಧನ ಅದೇ, ಅಡುಗೆ ಅದೇ, ಬದಲಾದದ್ದು ಒಂದು ಕೊಳವೆ.

ಜಾತ್ರೆಯ ವಿಷಯ ಇಷ್ಟರಲ್ಲೇ ಅರ್ಥವಾಗಿರಬೇಕು. ‘ಉಧೋ ಉಧೋ’ ಎನ್ನುತ್ತ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದವರು ಬಯಲಿನಲ್ಲಿ ಒಲೆ ಹೂಡಿ ಹೋಳಿಗೆ, ಕಡುಬು ಮಾಡಿ ಪಡ್ಡಲಗಿ ತುಂಬಿಸಿ ಹೋಗುತ್ತಾರೆ. ಗುಡ್ಡದ ಗಾಳಿ ಹೊಗೆಯನ್ನು ಹರಡಿ ತೆಳುಮಾಡುತ್ತದೆ. ವರ್ಷಕ್ಕೊಂದೆರಡು ದಿನ, ತೆರೆದ ಜಾಗ. ಭಕ್ತರಿಗೆ ಕಣ್ಣುರಿ, ಗಂಟಲು ಕೆರೆತ ಆಗಬಹುದು. ಅವರ ಆಯುಷ್ಯದ ಲೆಕ್ಕದಲ್ಲಿ ಈ ಹೊಗೆ ತೀರ ಸಣ್ಣದು, ಅದಕ್ಕಾಗಿ ಅಮ್ಮನ ಎಡೆ ತಪ್ಪಿಸಬೇಕಿಲ್ಲ. ಆದರೆ ಹುಣ್ಣಿಮೆಯಿಂದ ಹುಣ್ಣಿಮೆಗೆ ಗುಡ್ಡದ ಮೇಲೆಯೇ ಇರುವ ಅಂಗಡಿಯವರು, ಖಾನಾವಳಿಯವರು, ಕಸ ಬಳಿಯುವವರು ಇದ್ದಾರೆ. ಜಾತ್ರೆ ಇಳಿದ ಮೇಲೆ ಉಳಿದ ಪ್ಲಾಸ್ಟಿಕ್ ಹಾಳೆ, ಹಳೆ ಸೀರೆ, ತಟ್ಟೆ ಲೋಟಗಳನ್ನು ರಾಶಿ ಮಾಡಿ ಬೆಂಕಿ ಹಚ್ಚುವ ರೂಢಿ ನಮ್ಮಲ್ಲಿ ಎಲ್ಲ ಜಾತ್ರೆಗಳಲ್ಲೂ ಇದೆ. ಆ ಹೊಗೆ ಜಾಲಿ ಕಟ್ಟಿಗೆಯ ಹೊಗೆಯಂಥದ್ದಲ್ಲ. ಪ್ಲಾಸ್ಟಿಕ್ ಮತ್ತು ಟಯರು ಕಪ್ಪಗೆ ಸುಟ್ಟಾಗ ಈ ಉಂಗುರದ ವಸ್ತುಗಳು ಹೇರಳವಾಗಿ ಹುಟ್ಟುತ್ತವೆ, ಜತೆಗೆ ಬೇರೆ ವಿಷಗಳೂ ಸೇರುತ್ತವೆ. ಜಾತ್ರೆಯಲ್ಲಿ ಯಾವುದನ್ನಾದರೂ ನಿಲ್ಲಿಸಲು ನಿಮ್ಮ ಊರಿನವರು ಮುಂದಾಗುವುದಾದರೆ ಇದನ್ನು ನಿಲ್ಲಿಸಿ. ಹೋಳಿಯ ಕಾಮನಿಗೆ ಹಳೆ ಟಯರು ಎಸೆಯುವ ಹುಡುಗರಿಗೂ ಇದೇ ಮಾತು. ಕಬ್ಬಿನ ರವದಿಗೆ ಬೆಂಕಿ ಇಡುವ ರೈತರಿಗೂ ಒಂದು ಮಾತು: ಹೊಗೆ ನಿಮ್ಮ ಹೊಲದ ಬದುವಿನಲ್ಲಿ ನಿಲ್ಲುವುದಿಲ್ಲ.

ನೀವು ಕೇಳಿಲ್ಲ, ಆದರೂ ಬಾಣಂತಿ ಕೋಣೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಗಾಳಿ ಸೋಕಬಾರದೆಂದು ಕಿಟಕಿಗೆ ಬಟ್ಟೆ ತುರುಕಿ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಎರೆದ ಮೇಲೆ ಕೂಸಿನ ತಲೆಗೆ ಲೋಬಾನದ ಹೊಗೆ, ಬಳ್ಳೊಳ್ಳಿ ಸಿಪ್ಪೆಯ ಹೊಗೆ ಹಾಕುವುದು ಪ್ರೀತಿಯಿಂದಲೇ. ಆದರೆ ಕೂಸು ನಮಗಿಂತ ಬೇಗ ಬೇಗ ಉಸಿರಾಡುತ್ತದೆ, ಅದರ ಪುಪ್ಪುಸ ಇನ್ನೂ ಬೆಳೆಯುತ್ತಿರುತ್ತದೆ. ಮುಚ್ಚಿದ ಕೋಣೆಯ ಕೆಂಡದಿಂದ ಬರುವ ಇಂಗಾಲದ ಮೊನಾಕ್ಸೈಡ್ ತಾಯಿ ಮಗು ಇಬ್ಬರನ್ನೂ ನಿದ್ದೆಯಲ್ಲೇ ಕೊಲ್ಲಬಲ್ಲದು; ಅದಕ್ಕೆ ವರ್ಷಗಳು ಬೇಕಿಲ್ಲ. ಬೆಚ್ಚಗಿಡಬೇಕು, ಖಂಡಿತ. ಕೌದಿ ಹೊದಿಸಿ, ಬಿಸಿನೀರು ಎರೆಯಿರಿ, ತಾಯಿಯ ಎದೆಗೆ ಅಪ್ಪಿಸಿ ಮಲಗಿಸಿ. ಹೊಗೆ ಬೇಡ. ಈ ಮಾತನ್ನು ಅಜ್ಜಿಯಂದಿರಿಗೆ ಹೇಳಲು ಮೊಮ್ಮಕ್ಕಳು ಹಿಂಜರಿಯುತ್ತಾರೆ, ನಿಮ್ಮ ಮಗಳಿಗೆ ಧೈರ್ಯ ಇದ್ದಂತಿದೆ.

ಊಟದಲ್ಲಿ ಇದು ಬರುತ್ತದೆಯೇ ಎಂದು ಆಕೆ ಮುಂದೆ ಕೇಳಬಹುದು. ಬರುತ್ತದೆ, ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಹೊಗೆಯಾಗಿ ಮತ್ತೆ ತುಂಡಿಗೆ ಅಂಟುವಾಗ ಹೆಚ್ಚು. ಸುಟ್ಟ ಮಾಂಸದ ಕರಿಕಾದ ಅಂಚನ್ನು ಬಿಡುವುದು ಒಳ್ಳೆಯದು. ಬದನೆಕಾಯಿ ಸುಟ್ಟು ಬಜ್ಜಿ ಮಾಡುವವರು ಕಪ್ಪು ಸಿಪ್ಪೆಯನ್ನು ಹೇಗೂ ಸುಲಿದು ಎಸೆಯುತ್ತಾರೆ. ಕೆಂಡಕ್ಕೆ ತಾಗಿ ರೊಟ್ಟಿಯ ಮೇಲೆ ಬಿದ್ದ ಚುಕ್ಕೆಗೆ ಅಂಜಬೇಡಿ. ಸುಗ್ಗಿಯ ಮುಂಚೆ ಹೊಲದಲ್ಲಿ ಕುಳ್ಳಿನ ಕೆಂಡದಲ್ಲಿ ಸುಡುವ ಸೀತನಿಗಂತೂ ನಾನು ಬೇಡವೆನ್ನಲಾರೆ. ಹೊಗೆ ಇಳಿದು ಕೆಂಡ ನಿಗಿನಿಗಿ ಆದ ಮೇಲೆ ತೆನೆ ಇಡಿ, ಸಾಕು.

ಈಗ ತಮ್ಮನ ಕೆಲಸ. ಹಿಂದೆ ಡಾಂಬರು ಎಂದರೆ ಕಲ್ಲಿದ್ದಲನ್ನು ಬೇಯಿಸಿ ಅನಿಲ ತೆಗೆದಾಗ ಉಳಿಯುವ ಗಸಿ. ಇಂದು ರಸ್ತೆಗೆ ಸುರಿಯುವುದು ಕಚ್ಚಾ ಪೆಟ್ರೋಲಿಯಂ ಶುದ್ಧೀಕರಿಸಿದಾಗ ಕೊನೆಗೆ ಉಳಿಯುವ ಬಿಟುಮಿನ್. ಎರಡೂ ಕಪ್ಪು, ಎರಡೂ ಅಂಟು, ನಮ್ಮ ಬಾಯಲ್ಲಿ ಎರಡೂ ಡಾಂಬರೇ. ಬೆಂಜೊಪೈರೀನ್ ಮಾತ್ರ ಕಲ್ಲಿದ್ದಲ ಡಾಂಬರಿನಲ್ಲಿ ಸಾವಿರಾರು ಪಟ್ಟು ಹೆಚ್ಚು. ಅಂತರರಾಷ್ಟ್ರೀಯ ಸಂಸ್ಥೆ ರಸ್ತೆಗೆ ಬಿಟುಮಿನ್ ಹಾಕುವ ಕೆಲಸವನ್ನು ‘ಕಾರಣವಾಗಿರಬಹುದು’ ಎಂಬ ಇನ್ನೂ ಕೆಳಗಿನ ಗುಂಪಿನಲ್ಲಿಟ್ಟಿದೆ. ಅಷ್ಟರ ಮಟ್ಟಿಗೆ ಸಮಾಧಾನ ಪಡಬಹುದು. ಆದರೆ ಹಳ್ಳಿಯ ರಸ್ತೆ ಕೆಲಸದಲ್ಲಿ ಪೀಪಾಯಿಯ ಕೆಳಗೆ ಸಿಕ್ಕಿದ ಕಟ್ಟಿಗೆ, ಕೆಲವು ಕಡೆ ಹಳೆ ಟಯರು ಹಾಕಿ ಕಾಯಿಸುತ್ತಾರೆ. ಆ ಹೊಗೆಯಲ್ಲಿ ಮುಖಕ್ಕೊಂದು ಟವೆಲ್ ಸುತ್ತಿಕೊಂಡು ನಿಲ್ಲುವವರು ಕೂಲಿಯವರು. ಡಾಂಬರು ಅತಿಯಾಗಿ ಕಾದು ಹೊಗೆಯಾಡುವಷ್ಟಕ್ಕೆ ಹೋಗಬಾರದು, ಗಾಳಿ ಬರುವ ಕಡೆಗೆ ನಿಲ್ಲಬೇಕು, ತುಂಬುದೋಳಿನ ಅಂಗಿ, ಕೈಗವಸು, ಬೂಟು ಬೇಕು. ಗುತ್ತಿಗೆದಾರರು ಅವನ್ನು ಕೊಡಬೇಕು, ಕೇಳುವುದರಲ್ಲಿ ತಪ್ಪಿಲ್ಲ. ಕೈಗೆ ಹತ್ತಿದ ಡಾಂಬರನ್ನು ಡೀಸೆಲ್ಲಿನಿಂದಲೋ ಸೀಮೆಎಣ್ಣೆಯಿಂದಲೋ ತಿಕ್ಕುವ ಅಭ್ಯಾಸ ಬಿಡಬೇಕು, ಅದು ಚರ್ಮದ ಜಿಡ್ಡನ್ನು ಕಿತ್ತು ಹಾಕಿ ಡಾಂಬರಿನ ವಸ್ತುಗಳಿಗೆ ಒಳದಾರಿ ಮಾಡಿಕೊಡುತ್ತದೆ. ಅಡುಗೆ ಎಣ್ಣೆ ಹಚ್ಚಿ ಸಡಿಲಿಸಿ, ಆಮೇಲೆ ಸಾಬೂನು. ಕೆಲಸದ ಬಟ್ಟೆಯಲ್ಲೇ ಊಟಕ್ಕೆ ಕೂರದೆ ಸ್ನಾನ ಮಾಡಲಿ. ಬಟ್ಲಿನ್ ಕಂಡುಕೊಂಡ ವ್ಯತ್ಯಾಸ ಅಷ್ಟೇ ಆಗಿತ್ತಲ್ಲವೇ?

ತಮ್ಮ ಬೀಡಿ ಸೇದುವವನಾದರೆ ಮಾತ್ರ ಮೇಲಿನ ಎಚ್ಚರಿಕೆಗಳೆಲ್ಲ ಎರಡನೆಯ ಸಾಲಿಗೆ ಹೋಗುತ್ತವೆ. ನಿಮ್ಮ ಜಿಲ್ಲೆಯ ನಿಪ್ಪಾಣಿ ಸೀಮೆ ಬೀಡಿ ತಂಬಾಕಿಗೆ ಹೆಸರಾದದ್ದು. ಬೀಡಿಯ ಬೆಂಕಿ ಆರದಂತೆ ಪದೇಪದೇ ಜಗ್ಗಬೇಕಾಗುತ್ತದೆ, ಪ್ರತಿ ಸಲವೂ ಹೊಗೆ ನೇರವಾಗಿ ಪುಪ್ಪುಸದೊಳಗೆ. ಇಲ್ಲಿ ಕಿಟಕಿಯೂ ಇಲ್ಲ, ಗುಡ್ಡದ ಗಾಳಿಯೂ ಇಲ್ಲ. ಗುಟ್ಕಾ ತಂಬಾಕಿಗೆ ಹೊಗೆ ಇಲ್ಲವೆಂದು ಬದಲಿಸಿಕೊಳ್ಳುವವರಿದ್ದಾರೆ. ಅದರಲ್ಲಿ ನೈಟ್ರೋಸಮೀನ್ ಎಂಬ ಬೇರೆಯದೇ ಕ್ಯಾನ್ಸರ್‌ಕಾರಕಗಳಿವೆ, ಅವು ಬಾಯಿಯನ್ನು ಹಿಡಿಯುತ್ತವೆ.

ಕೊನೆಗೆ ನಿಮ್ಮ ರೊಟ್ಟಿ ಒಲೆ. ಹೊಗೆ ಕಡಿಮೆಯಾಗುವ ಒಲೆಗಾಗಿ ಕರ್ನಾಟಕದಲ್ಲೇ ದೊಡ್ಡ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ವಿಭಾಗ ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲೇ ಕೂತು ಮಾಡಬೇಕೆಂದು ಅವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದರು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ ಕೂರುವ ಮುಚ್ಚಿದ ಒಲೆ, ಕಟ್ಟಿಗೆಯ ಕೆಳಗಿನಿಂದ ಗಾಳಿ ಆಡಲು ಜಾಲರಿ, ಹಿಂದೆ ಹೊಗೆಗೊಳವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೇ ಒಂದು ಪಾಲಿನಷ್ಟು ಮಾತ್ರ ಪಾತ್ರೆಗೆ ಸೇರುತ್ತದೆ. ಇದರಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಸೇರುತ್ತಿತ್ತು. ಮುದ್ದೆ, ಅನ್ನ, ಸಾರಿನ ಸೀಮೆಗೆ ಅದು ಹೇಳಿ ಮಾಡಿಸಿದ ಒಲೆ. ಅಗಲ ಹಂಚು ಮತ್ತು ಬಾಯಿಗೆ ಎಳೆದ ಕೆಂಡ ಬೇಡುವ ಜೋಳದ ರೊಟ್ಟಿಗೆ ಮುಚ್ಚಿದ ಒಲೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಕೂತು, ರೊಟ್ಟಿ ಬಡಿಯುವವರನ್ನು ಕೇಳಿ ಕೇಳಿ ಮಾಡಿದ ಒಲೆ ನಮಗೆ ಬೇಕು. 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಗಿ ಗ್ಯಾಸ್ ಮನೆಮನೆಗೆ ಬಂದರೂ ಸಿಲಿಂಡರು ಚಹಾ ಸಾರಿಗೆ, ಒಲೆ ರೊಟ್ಟಿಗೆ ಎಂದು ಕೆಲಸ ಹಂಚಿಹೋಗಿರುವುದು ನಿಮ್ಮ ಮನೆಯೊಂದರಲ್ಲಿ ಮಾತ್ರವಲ್ಲ.

ಗ್ಯಾಸಿನ ಮೇಲೆ ಹಂಚಿಟ್ಟು ರೊಟ್ಟಿ ಮಾಡುವುದೇ ಎಲ್ಲಕ್ಕಿಂತ ಒಳ್ಳೆಯದು. ರುಚಿಗೋ ಖರ್ಚಿಗೋ ಅದು ಆಗದಿದ್ದರೆ ಒಲೆಯನ್ನು ಹಿತ್ತಲಿನ ಚಪ್ಪರದಡಿ, ಎರಡು ಬದಿ ತೆರೆದಿರುವಂತೆ ಹಾಕಿಸಿ. ಮನೆಯೊಳಗೇ ಇರಬೇಕೆಂದರೆ ಒಲೆಯ ಮೇಲೆ ತಗಡಿನ ಹೊದಿಕೆ ಮಾಡಿಸಿ, ಅದರಿಂದ ಕೊಳವೆಯನ್ನು ಮಾಳಿಗೆಯ ಮೇಲೆ ಆಳೆತ್ತರಕ್ಕೆ ಒಯ್ಯಿರಿ. ಪಕ್ಕದ ಮನೆಯ ಕಿಟಕಿಗೆ ಬಾಯಿ ತೆರೆಯದಿರಲಿ. ಒಲೆಯ ತಳದಲ್ಲಿ ಕಬ್ಬಿಣದ ಜಾಲರಿ ಇಟ್ಟರೆ ಕೆಳಗಿನಿಂದ ಗಾಳಿ ಸಿಕ್ಕು ಊದುಗೊಳವೆಯ ಕೆಲಸ ಬಹಳ ಕಡಿಮೆಯಾಗುತ್ತದೆ. ಕಟ್ಟಿಗೆ ಹಸಿ ಇರಬಾರದು; ಮಳೆಗಾಲಕ್ಕೆ ಬೇಸಿಗೆಯಲ್ಲೇ ಸೀಳಿ ಒಣಗಿಸಿ ಒಟ್ಟಿಡಿ, ದಪ್ಪ ಕೊರಡಿಗಿಂತ ತೆಳು ಸೀಳು ಚೆನ್ನಾಗಿ ಉರಿಯುತ್ತದೆ. ಹೊತ್ತಿಸಲು ಪ್ಲಾಸ್ಟಿಕ್ ಚೀಲ ಹಾಕಬೇಡಿ. ಒಲೆ ಹೊತ್ತಿಸುವ ಮೊದಲ ಹತ್ತು ನಿಮಿಷ ಮತ್ತು ಉರಿ ಕೆಟ್ಟು ಹೊಗೆಯಾಡುವ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು, ಆಗ ಮಕ್ಕಳು, ಬಸುರಿಯರು, ದಮ್ಮಿನವರು ಹತ್ತಿರ ಬೇಡ. ಕೊಳವೆಯ ಇಲ್ಲಣವನ್ನು ತಿಂಗಳಿಗೊಮ್ಮೆ ತೆಗೆಯಿರಿ, ತೆಗೆಯುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮುಗಿದ ಮೇಲೆ ಸಾಬೂನಿನಲ್ಲಿ ಕೈಕಾಲು ತೊಳೆದುಕೊಳ್ಳಲಿ. ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಹೊಗೆಯ ಕೆಮ್ಮೆಂದು ಸುಮ್ಮನಿರದೆ ಸವದತ್ತಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಿ. ಕ್ಷಯವಿದ್ದರೂ ಅಲ್ಲೇ ಗೊತ್ತಾಗುತ್ತದೆ, ಅದಕ್ಕೆ ಔಷಧ ಪುಕ್ಕಟೆ.